ಅಳಿಸಿದ ಎತ್ವ

ಪತ್ರ ಬಂದ ದಿನ ನಾವು ಐಸ್ ಪೆಟ್ಟಿಗೆಗಳನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದೆವು. ಆರು ಪೆಟ್ಟಿಗೆ. ಬರುವ ಸೋಮವಾರ ಮರೋಳದಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಶಿಬಿರವಿತ್ತು. ಸಿರಿಂಜು ಎಣಿಸಿ ಕಟ್ಟಿಟ್ಟಾಗಿತ್ತು, ಸೂಜಿ ಬಿದ್ದ ಕುರಿಗೆ ಗುರುತು ಹಚ್ಚಲು ನೀಲಿ ಬಣ್ಣ ತರಿಸಿಯಾಗಿತ್ತು, ಗಾಡಿಗೆ ಹೇಳಿಯಾಗಿತ್ತು. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಒಂದು ಇಮೇಲ್ ಕಾಣಿಸಿತು. ಹಿಂದಿನ ಸರ್ಕಾರ ಮಂಜೂರು ಮಾಡಿದ, ಇನ್ನೂ ಶುರುವಾಗದ ಎಲ್ಲ ಕಾರ್ಯಕ್ರಮಗಳನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ಅಷ್ಟೇ. ಕುರಿ ಎಂಬ ಶಬ್ದವೂ ಅದರಲ್ಲಿರಲಿಲ್ಲ.

ನಾನು ಹುನಗುಂದದಲ್ಲಿ ಕುರಿಗಾರರ ಸಹಕಾರ ಸಂಘವೊಂದರ ಕಾರ್ಯದರ್ಶಿ. ಮನೆ ಇಳಕಲ್ಲಿನಲ್ಲಿ, ದಿನಾ ಬಸ್ಸಿನ ಓಡಾಟ. ನಮ್ಮ ಅಬ್ಬಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರಿಂದ ಲಸಿಕೆಯ ಬಾಟಲಿ, ಸೂಜಿ, ಐಸು ಎಲ್ಲ ನನಗೆ ಅಡುಗೆಮನೆಯ ಡಬ್ಬಿಗಳಷ್ಟು ಪರಿಚಯ. ಆದರೆ ನಾನು ಹೇಳಹೊರಟಿರುವುದು ಲಸಿಕೆಯ ವಿಷಯವಲ್ಲ. ಹಲಗೆಯ ಮೇಲೆ ನಾನೇ ಬರೆದು, ನಾನೇ ಒರೆಸಿದ ಒಂದು ಎತ್ವದ ವಿಷಯ.

ಮೊದಲು ರೋಗ ಯಾವುದು ಎಂದು ಹೇಳಬೇಕು. ಕರುಳು ಬೇನೆ. ಬೇಸಿಗೆಯೆಲ್ಲ ಒಣ ಕಡ್ಡಿ ತಿಂದ ಕುರಿ ಮೊದಲ ಮಳೆಗೆ ಚಿಗುರಿದ ಹುಲ್ಲು ಕಂಡರೆ ಹೊಟ್ಟೆ ಬಿರಿಯುವಂತೆ ಮೇಯುತ್ತದೆ, ಕರುಳಿನಲ್ಲಿ ವಿಷ ಹುಟ್ಟುತ್ತದೆ. ಸೊರಗಿದ ಕುರಿಯನ್ನು ಬಿಟ್ಟರೂ ಬಿಟ್ಟೀತು, ಮೈ ತುಂಬಿದ್ದನ್ನು ಬಿಡುವುದಿಲ್ಲ. ಸಂಜೆ ಕುಣಿಯುತ್ತಿದ್ದ ಮರಿ ಬೆಳಿಗ್ಗೆ ಕುತ್ತಿಗೆ ಹಿಂದಕ್ಕೆ ಸೆಟೆದು ಬಿದ್ದಿರುತ್ತದೆ. ಔಷಧ ಕೊಡಲು ಪುರುಸೊತ್ತೇ ಕೊಡುವುದಿಲ್ಲ. ಮಳೆಗೆ ಮುಂಚೆ ಲಸಿಕೆ ಹಾಕಿಸಬೇಕು, ಇಲ್ಲವೇ ಹಸಿ ಹುಲ್ಲಿನಿಂದ ದೂರ ಹೋಗಬೇಕು. ಲಸಿಕೆ ಹಾಕಿದರೂ ಮೈಯಲ್ಲಿ ಅದರ ಬಲ ಕೂಡಲು ಹತ್ತು ಹದಿನೈದು ದಿನ ಬೇಕಾಗುತ್ತದೆ.

ದೂರ ಹೋಗುವುದನ್ನು ನಮ್ಮ ಸದಸ್ಯರಿಗೆ ಯಾರೂ ಕಲಿಸಬೇಕಿಲ್ಲ. ಬೇಸಿಗೆಯಲ್ಲಿ ಹುನಗುಂದ ಸೀಮೆಯ ಎರೆ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಕೂರಿಸುತ್ತಾರೆ. ಮೋಡ ಕಂಡ ಕೂಡಲೇ ಬಾದಾಮಿ ಕಡೆಗೆ ಹಿಂಡು ತಿರುಗಿಸುತ್ತಾರೆ. ಶಿವಯೋಗ ಮಂದಿರದ ಹತ್ತಿರ ಮಲಪ್ರಭೆ, ಆಮೇಲೆ ಬನಶಂಕರಿ, ಅದರಾಚೆ ಕಲ್ಲುಗುಡ್ಡ. ಅಲ್ಲಿ ನೆಲ ಗಟ್ಟಿ, ಹುಲ್ಲು ತೆಳು. ಹೀಗೆ ಹೊರಡುವ ಮುಂಚೆ ಮರೋಳದಲ್ಲಿ ಅವರನ್ನು ಹಿಡಿದು, ಲಸಿಕೆ ಹಾಕಿ ಕಳಿಸುವುದು ನಮ್ಮ ಸಂಘದ ಪದ್ಧತಿಯಾಗಿತ್ತು.

ಆ ಬೇಸಿಗೆಯಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಗಿತ್ತು. ಯಾರಿಗೆ ಯಾವ ಖಾತೆ ಎಂಬುದು ಇನ್ನೂ ಗೊತ್ತಾಗಿರಲಿಲ್ಲ, ಯಾವ ಅಧಿಕಾರಿ ಎಷ್ಟು ದಿನ ಇರುತ್ತಾರೋ ಅವರಿಗೇ ತಿಳಿದಿರಲಿಲ್ಲ. ನಮ್ಮ ಸಂಘದ ಅಧ್ಯಕ್ಷರು ಸೋತವರ ಪರವಾಗಿ ಊರೂರು ತಿರುಗಿದ್ದವರು. ಫಲಿತಾಂಶದ ಮರುದಿನವೇ ಕಚೇರಿಗೆ ಬಂದು ಕುರ್ಚಿ ಹತ್ತಿ ಗೋಡೆಯ ಮೇಲಿದ್ದ ನಾಯಕರ ಫೋಟೋ ಇಳಿಸಿದರು. ಯಾರದ್ದು ಹಾಕಬೇಕೆಂದು ಗೊತ್ತಿಲ್ಲದ್ದರಿಂದ ಮೊಳೆ ಮಾತ್ರ ಉಳಿಯಿತು. ಹೊಸ ಸರ್ಕಾರ ನಮ್ಮ ಆಡಳಿತ ಮಂಡಳಿಯನ್ನು ಕಿತ್ತುಹಾಕಿ ಆಡಳಿತಾಧಿಕಾರಿಯನ್ನು ಕೂರಿಸುತ್ತದೆ ಎಂಬ ಗುಲ್ಲೂ ಇತ್ತು. ಅಧ್ಯಕ್ಷರು ದಿನಕ್ಕೆ ಹತ್ತು ಸಲ ಆ ಮೊಳೆ ನೋಡುತ್ತಿದ್ದರು.

ಪತ್ರ ಓದಿ ಹಲಗೆಯ ಮೇಲೆ 'ಲಸಿಕೆ ಶಿಬಿರಕ್ಕೆ ತಡೆ ಆಗಿದೆ' ಎಂದು ಸೀಮೆಸುಣ್ಣದಲ್ಲಿ ಬರೆದೆ. ಕೈ ಒರೆಸಿಕೊಳ್ಳುತ್ತಿರುವಾಗ ಫೋನ್ ಬಂತು. ನಮ್ಮ ಹಳೆಯ ಸದಸ್ಯರೊಬ್ಬರು, ಐವತ್ತೈದು ದಾಟಿದ ಕುರಿಗಾರ. ನಾನು ಅವರಿಗೆ ಕಾಕಾ ಎನ್ನುತ್ತೇನೆ, ಅವರ ಹೆಂಡತಿಗೆ ಕಾಕು. ಹತ್ತು ವರ್ಷದಿಂದ ನಮ್ಮ ಮನೆಯ ಬಕ್ರೀದಿನ ಟಗರು ಅವರ ಹಿಂಡಿನಿಂದಲೇ ಬರುತ್ತಿತ್ತು.

"ಅಕ್ಕಾರ, ಸೋಮವಾರ ಖರೇನ? ಎಷ್ಟ ಗಂಟೇಕ ಬರಬೇಕ್ರಿ?"

"ಸೋಮವಾರ ಇಲ್ರಿ ಕಾಕಾ. ಬೆಂಗಳೂರಿಂದ ಪತ್ರ ಬಂದೈತಿ. ಶಿಬಿರಕ್ಕ ತಡಿ ಆಗೇತಿ."

"ಹೌದ? ಆತ ಬಿಡ್ರಿ, ತಡೀತೇವಿ. ಎಷ್ಟ ದಿನ ತಡೀಬೇಕಾಗತೈತಿ?"

ನಮ್ಮ ಬಾಯಲ್ಲಿ ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ. ಹಾಗೆಯೇ ತಡೆ 'ತಡಿ' ಆಗುತ್ತದೆ. ಆದರೆ ತಡಿ ಎಂದರೆ ನಮ್ಮಲ್ಲಿ ಸ್ವಲ್ಪ ಕಾಯಿ ಎಂದೂ ಅರ್ಥ. ನಾನು ನಿಂತುಹೋಗಿದೆ ಎಂದೆ, ಕಾಕಾ ಕಾಯಬೇಕು ಎಂದು ಕೇಳಿಸಿಕೊಂಡರು. "ತಡೀರಿ ಅಂತ ಅಲ್ರಿ ಕಾಕಾ" ಎನ್ನುವಷ್ಟರಲ್ಲಿ ಲೈನ್ ಹೋಯಿತು. ತಿರುಗಿ ಹಚ್ಚಿದರೆ ಹತ್ತಲಿಲ್ಲ. ಸಂಜೆ ಮಾಡಿದರಾಯಿತು ಎಂದು ಬಿಟ್ಟೆ.

ಅಧ್ಯಕ್ಷರು ಬಂದಾಗ ಇದನ್ನು ನಗೆಚಾಟಿಕೆಯಾಗಿ ಹೇಳಿದೆ. ಹೌದು, ನಾನೇ ನಗುತ್ತ ಹೇಳಿದೆ. ಅವರು ನಗಲಿಲ್ಲ. ಪತ್ರ ಎರಡು ಸಲ ಓದಿದರು, ಹಲಗೆ ನೋಡಿದರು, ಮೊಳೆ ನೋಡಿದರು.

"ಹಂಗ ತಿಳಕೊಂಡಾರ? ಭಾಳ ಛಲೋ ಆತ ನೋಡ್ರಿ ಮೇಡಮ್ಮರ."

"ಛಲೋ ಏನ್ರಿ ಅದರಾಗ? ಅವ್ರಿಗೆ ತಿಳಿಸಿ ಹೇಳಬೇಕಲ್ಲ."

"ಏನಂತ ಹೇಳತೀರಿ? ಹೊಸ ಸರಕಾರ ನಿಮ್ಮ ಸೂಜಿ ನಿಲ್ಲಿಸೇತಿ ಅಂತ? ನಾಳೆ ಮಂದಿ ರಸ್ತೇಕ ಇಳೀತಾರ. ಹಚ್ಚಿಕೊಟ್ಟಾವ ಯಾರು ಅಂತ ಮ್ಯಾಲಿನವರು ಕೇಳತಾರ. ಮೊದಲ ನಾ ಅವ್ರ ಕಣ್ಣಾಗ ಬಿದ್ದೇನಿ. ನೀವು ತಡ ಅಂತ ಬರೀರಿ."

"ತಡ?"

"ತಡ ಆಗೇತಿ. ಸುಳ್ಳೇನಲ್ಲ. ತಡೆ ಬಂದ್ರ ತಡ ಆಗೂದ ಅಲ್ಲೇನು? ಒಂದ ಎತ್ವ ತಗೀರಿ, ಮುಗೀತು."

ಅವರ ಬಳಿ ಇನ್ನೊಂದು ಕಾರಣವೂ ಇತ್ತು. ಅದು ಕೇಳಲು ನ್ಯಾಯವಾಗಿಯೇ ಇತ್ತು. ನಿಂತಿದೆ ಎಂದರೆ ಎಲ್ಲರೂ ಗುಡ್ಡಕ್ಕೆ ಹೋಗಿಬಿಡುತ್ತಾರೆ, ನಾಳೆ ತಡೆ ತೆರವಾದರೆ ಶಿಬಿರಕ್ಕೆ ಕುರಿಗಳನ್ನು ಎಲ್ಲಿಂದ ತರುವುದು? ಮೂರು ದಿನದಲ್ಲಿ ಮಂತ್ರಿಗಳು ಯಾರೆಂದು ಗೊತ್ತಾಗುತ್ತದೆ, ಅವರ ಕೈಯಿಂದಲೇ ಶಿಬಿರ ಶುರು ಮಾಡಿಸುತ್ತೇನೆ, ಅಲ್ಲಿಯವರೆಗೆ ಮಂದಿಯನ್ನು ಮರೋಳದಲ್ಲೇ ಹಿಡಿದಿಡಿ ಎಂದರು. ನನ್ನ ಕೆಲಸ ವರ್ಷ ವರ್ಷದ ಕರಾರಿನದ್ದು. ಮುಂದಿನ ವರ್ಷದ ಕರಾರಿಗೆ ಅದೇ ತಿಂಗಳು ಅವರ ಸಹಿ ಬೀಳಬೇಕಿತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ನನಗೂ ಕಾಣಲಿಲ್ಲ.

ಇನ್ನೊಂದು ನೆನಪಾಗಿ ಈಗ ಮೈ ಉರಿಯುತ್ತದೆ. ಸ್ವಲ್ಪ ದಿನದ ಹಿಂದೆ ಬಾಗಲಕೋಟೆಯಲ್ಲಿ ಸಂಘಗಳ ಕಾರ್ಯದರ್ಶಿಗಳಿಗೆ ತರಬೇತಿಯಿತ್ತು. ಉಪ್ಪಿಟ್ಟು, ಚಹಾ, ಆಮೇಲೆ ಗೋಡೆಯ ಮೇಲೆ ಚಿತ್ರ. ಅನಿಶ್ಚಿತ ಕಾಲದಲ್ಲಿ ಸದಸ್ಯರಲ್ಲಿ ಆತಂಕ ಮೂಡಿಸಬಾರದು, ವಿಶ್ವಾಸ ಮೂಡಿಸಬೇಕು ಎಂದು ತರಬೇತುದಾರರು ಕೈ ಬೀಸಿ ಹೇಳಿದರು. ನಾನು ಅದನ್ನು ನೋಟ್ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಒರೆಸುವ ಬಟ್ಟೆ ಹಿಡಿದಾಗ ಆ ಎರಡು ಗೆರೆ ನನಗೆ ಬಹಳ ಸಹಾಯ ಮಾಡಿದವು. ಎತ್ವ ಒರೆಸಿದೆ, ಅದೇ ಜಾಗದಲ್ಲಿ ತಲೆಕಟ್ಟು ಎಳೆದೆ. ಲಸಿಕೆ ಶಿಬಿರಕ್ಕೆ ತಡ ಆಗಿದೆ.

ಹಲಗೆ ಓದುವವರು ಎಷ್ಟು ಮಂದಿ? ಹಿಂಡಿನ ಹಿಂದೆ ಇರುವವರಿಗೆ ಮುಟ್ಟುವುದು ದನಿ ಮಾತ್ರ. ಅದಕ್ಕೆಂದೇ ನಾನು ಸದಸ್ಯರಿಗೆಲ್ಲ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುವ ಪದ್ಧತಿ ಇಟ್ಟುಕೊಂಡಿದ್ದೆ. ಮಳೆ, ರೋಗ, ಸಂತೆ, ಏನಿದ್ದರೂ ನನ್ನ ದನಿಯಲ್ಲೇ ಹೋಗುತ್ತಿತ್ತು. ಆವತ್ತೂ ಹೋಯಿತು. "ನಮಸ್ಕಾರ್ರಿ. ಲಸಿಕೆ ಸ್ವಲ್ಪ ತಡ ಆಗೇತಿ. ಯಾರೂ ಗಾಬರಿ ಆಗಬ್ಯಾಡ್ರಿ. ಮರೋಳದ ಸುತ್ತಮುತ್ತನ ಇರ್ರಿ. ಬಂದ ಕೂಡ್ಲೇ ತಿಳಸ್ತೇವಿ." ಮೊದಲ ಸಲ ದನಿ ನಡುಗಿತು, ಅಳಿಸಿದೆ. ಎರಡನೆಯ ಸಲ ಹೊರಗೆ ಲಾರಿ ಹಾರ್ನ್ ಹೊಡೆಯಿತು, ಅಳಿಸಿದೆ. ಮೂರನೆಯದು ಚೆನ್ನಾಗಿ ಬಂತು. ಸಂಜೆ ಕಾಕಾನಿಗೆ ಫೋನ್ ಮಾಡುವ ಅಗತ್ಯವೇ ಉಳಿಯಲಿಲ್ಲ.

ಮರುದಿನ ಊರಿನ ಪಶುವೈದ್ಯರು ಫೋನ್ ಮಾಡಿದರು. ತಾನು ಅಬ್ಬಾನ ಕೈಕೆಳಗೆ ಕೆಲಸ ಕಲಿತವನು ಎಂದು ತಮಾಷೆ ಮಾಡುವ ಮನುಷ್ಯ. ಅವರ ದವಾಖಾನೆಗೆ ಬಂದ ಲಸಿಕೆ ಊರೊಳಗಿನ ಕುರಿಗಳಿಗೇ ಮುಗಿದಿತ್ತು.

"ಏನವಾ, ತಡ ಆಗೇತಿ ಅಂತ ಕಳಿಸೀದಿ? ಎಷ್ಟ ತಡ? ಮಳಿ ಏನು ನಿಮ್ಮ ಅಧ್ಯಕ್ಷರ ಮಾತ ಕೇಳತೈತೇನು?"

ತಡೆಯ ವಿಷಯ ಹೇಳಿದೆ.

"ಹಂಗಾರ ನಿಂತೈತಿ ಅಂತ ಹೇಳಿಬಿಡು. ಇದ ಲಸಿಕೆ ಬಾಗಲಕೋಟಿ ಅಂಗಡ್ಯಾಗ ಸಿಗತೈತಿ, ತಾವ ತಂದು ಹಾಕೋತಾರ. ಇಲ್ಲಂದ್ರ ಗುಡ್ಡಕ್ಕ ಹೋಗತಾರ. ಮರೋಳದಾಗ ಕುಂದ್ರಸಬ್ಯಾಡ. ಅಲ್ಲಿ ನೀರಾವರಿ ಐತಿ, ಒಂದ ಮಳಿ ಬಿದ್ರ ಹಸರ ಕುತ್ತಿಗೀಮಟ ಬರತೈತಿ."

ಅಧ್ಯಕ್ಷರಿಗೆ ಇದನ್ನೇ ಹೇಳಿದೆ. "ಮೂರ ದಿನ ತಡೀರಿ" ಎಂದರು. ಆ ಶಬ್ದ ಅವರ ಬಾಯಲ್ಲೂ ಬಂತು. ಮೂರು ದಿನ ಎಂಟಾಯಿತು. ಮಂತ್ರಿ ಯಾರೆಂದು ಗೊತ್ತಾಯಿತು. ಆದರೆ ಅವರ ಮನೆಯ ಬಾಗಿಲಲ್ಲಿ ನಿಂತವರ ಸಾಲಿನಲ್ಲಿ ನಮ್ಮ ಅಧ್ಯಕ್ಷರು ಎಲ್ಲೋ ಹಿಂದಿದ್ದರು. ನಡುವೆ ಎರಡು ಸಲ ಮಳೆ ಬಿತ್ತು. ನಾನು ಇನ್ನೆರಡು ಸಂದೇಶ ಕಳಿಸಿದೆ. ಎರಡರಲ್ಲೂ ಅದೇ ಶಬ್ದ.

ಒಂಬತ್ತನೆಯ ದಿನ ತಡೆಯಲಾರದೆ ಬಸ್ಸು ಹಿಡಿದು ಮರೋಳಕ್ಕೆ ಹೋದೆ. ನದಿಯಿಂದ ನೀರೆತ್ತಿ ಹೊಲಗಳಿಗೆ ಹರಿಸುವ ಊರದು, ಬೇಸಿಗೆಯಲ್ಲೂ ಅಲ್ಲಲ್ಲಿ ಹಸಿರಿರುತ್ತದೆ. ಈಗ ಬದು, ಕಾಲುವೆಯಂಚು, ಬಿತ್ತದೆ ಬಿಟ್ಟ ಹೊಲ ಎಲ್ಲ ಹಸಿರು. ಹಿಂಡುಗಳು ಅಲ್ಲಿಷ್ಟು ಇಲ್ಲಿಷ್ಟು ನಿಂತಿದ್ದವು. ಎರೆ ಮಣ್ಣು ಕುರಿಗಳ ಗೊರಸಿಗೆ ಮೆತ್ತಿ ಹಿಡಿದಿತ್ತು. ಬೇರೆ ವರ್ಷವಾಗಿದ್ದರೆ ಇಷ್ಟೊತ್ತಿಗೆ ಅವರೆಲ್ಲ ಮಲಪ್ರಭೆ ದಾಟಿರುತ್ತಿದ್ದರು. ನನ್ನ ಮಾತಿಗೆ ಕೂತಿದ್ದರು.

ಕಾಕಾ ಕಂಬಳಿ ಹಾಸಿ ಕೂರಿಸಿದರು. ಕಾಕು ಚಹಾ ಕೊಟ್ಟರು. ಹಿಂಡಿನ ನಡುವೆ ಕೊರಳಿಗೆ ಹಸಿರು ದಾರ ಕಟ್ಟಿದ ಒಂದು ದೊಡ್ಡ ಟಗರು. "ಅದ ನಿಮ್ಮದು" ಎಂದು ಕಾಕಾ ತೋರಿಸಿದರು. ನಾನು ಹ್ಞೂಂ ಎಂದೆ. ಚಹಾ ಮುಗಿದ ಮೇಲೆ ಕಾಕು ನೇರವಾಗಿ ಕೇಳಿದರು.

"ಅಕ್ಕಾರ, ಖರೆ ಹೇಳ್ರಿ. ಬರತೈತೋ, ಬರೂದಿಲ್ಲೋ?"

ಕೇಳುತ್ತಲೇ ಅವರ ಕೈ ಸೊಂಟಕ್ಕೆ ಸಿಕ್ಕಿಸಿದ್ದ ಭಂಡಾರದ ಚೀಲಕ್ಕೆ ಹೋಯಿತು. ಕುರಿಗಾರರ ದೇವರು ಬೀರಪ್ಪನ ಒಕ್ಕಲಿನವರಿಗೆ ಆ ಅರಿಸಿನಪುಡಿ ಮುಟ್ಟಿ ಹೇಳಿದ ಮಾತು ಆಣೆಯ ಮಾತು. ಮುಟ್ಟಿ ಸುಳ್ಳು ಹೇಳುವವರು ಯಾರೂ ಇಲ್ಲ. ನಾನು ಮುಸಲ್ಮಾನರವಳು ಎಂದು ಅವರು ಹಿಂದೆಗೆಯಲಿಲ್ಲ. ಆದರೆ ಕಾಕಾ ಗದರಿಬಿಟ್ಟರು.

"ಏ, ಇಡ ಅದನ್ನ! ಅಕ್ಕಾರಿಗೆ ಭಂಡಾರ ಮುಟ್ಟಸ್ತಿ ಏನು? ಅವ್ರು ಬಾಯಿಂದ ಅಂದ್ರ ಸಾಕು."

ಆ ಚೀಲ ಮುಂದೆ ಬಂದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಆಣೆಗೆ ಹೆದರಿಯಾದರೂ ನಿಜ ಬಾಯಿಗೆ ಬರುತ್ತಿತ್ತೋ ಏನೋ. ಅದು ಬರಲಿಲ್ಲ. ಬೆಳಿಗ್ಗೆಯಷ್ಟೇ ಅಧ್ಯಕ್ಷರು ಎರಡೇ ದಿನ ಎಂದಿದ್ದರು, ನಾನು ಆ ಎರಡು ದಿನವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ತಡ ಆಗೇತ್ರಿ ಕಾಕು. ಇನ್ನ ಎರಡ ದಿನ."

ಹಲಗೆಯ ಮೇಲೆ ಒರೆಸಿದ್ದಕ್ಕೆ ಅಧ್ಯಕ್ಷರ ಮೇಲೆ ತಪ್ಪು ಹಾಕಬಹುದು. ರೆಕಾರ್ಡ್ ಮಾಡಿದ್ದಕ್ಕೂ ಹಾಕಬಹುದು. ಇದಕ್ಕೆ ಯಾರ ಮೇಲೂ ಹಾಕಲಾರೆ. ಅವರ ಕಂಬಳಿಯ ಮೇಲೆ ಕೂತು, ಅವರ ಚಹಾ ಕುಡಿದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದು ನಾನು. ಥೂ ನನ್ನ ಜನ್ಮಕ್ಕೆ ಎಂದು ಬಸ್ಸಿನಲ್ಲೇ ಅನ್ನಿಸಿತ್ತು, ಆದರೂ ಇಳಿದು ಮನೆಗೆ ಹೋಗಿ ಊಟ ಮಾಡಿದೆ.

ಮೂರನೆಯ ದಿನ ಬೆಳಿಗ್ಗೆ ಫೋನ್ ಮಾಡಿದ್ದು ಕಾಕು. "ಒಂಬತ್ತ ಮಲಗ್ಯಾವ್ರಿ ಅಕ್ಕಾರ. ಏಳವಲ್ಲವು" ಎಂದು ಇಟ್ಟುಬಿಟ್ಟರು.

ಡಾಕ್ಟರನ್ನು ಕರೆದುಕೊಂಡು ಅವರ ಮೋಟರ್‌ಸೈಕಲ್ ಮೇಲೆ ಹೋದೆ. ಮುಟ್ಟುವಷ್ಟರಲ್ಲಿ ಹದಿನಾಲ್ಕಾಗಿತ್ತು. ಡಾಕ್ಟರು ಒಂದರ ಹೊಟ್ಟೆ ಸೀಳಿ ಮೂತ್ರಪಿಂಡ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ಗಟ್ಟಿ ಇರಬೇಕಾದದ್ದು ನಾದಿದ ಹಿಟ್ಟಿನಂತೆ ಬೆರಳ ಸಂದಿಯಲ್ಲಿ ಇಳಿಯಿತು. ಅವರು ನನ್ನ ಕಡೆ ನೋಡಿ, ಕರುಳು ಬೇನೆಯೇ ಎಂಬಂತೆ ತಲೆಯಾಡಿಸಿದರು. ಸತ್ತವೆಲ್ಲ ಹಿಂಡಿನ ಒಳ್ಳೊಳ್ಳೆ ಕುರಿಗಳೇ. ಹಸಿರು ದಾರದ ಟಗರು ಕಾಲು ಚಾಚಿ, ಕುತ್ತಿಗೆ ಹಿಂದಕ್ಕೆ ತಿರುಗಿಸಿಕೊಂಡು ಬಿದ್ದಿತ್ತು. ಕಾಕು ಅದರ ಕೊರಳಿನ ದಾರ ಬಿಚ್ಚುತ್ತಿದ್ದರು. ಯಾಕೆ ಬಿಚ್ಚುತ್ತಿದ್ದರೋ, ಕೇಳುವ ಧೈರ್ಯ ನನಗಿರಲಿಲ್ಲ.

ಡಾಕ್ಟರು ಉಳಿದವನ್ನು ಈಗಲೇ ಹಸಿರಿನಿಂದ ಹೊರಗೆ ಹಾಕಿ, ಒಣ ಮೇವು ಕೊಡಿ ಎಂದರು. ಕಾಕಾ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಒಳ್ಳೆಯದಿತ್ತು.

"ಮತ್ತ ಲಸಿಕೆ ಇವತ್ತ ಬರತೈತೇನ್ರಿ ಅಕ್ಕಾರ? ಹೋಗಿಬಿಟ್ರ ನಮ್ಮ ಪಾಳಿ ತಪ್ಪತೈತಿ. ಇನ್ನ ಎಷ್ಟ ದಿನ ತಡೀಬೇಕು?"

ಹದಿನಾಲ್ಕು ಕುರಿ ಎದುರಿಗೆ ಸತ್ತು ಬಿದ್ದಿವೆ, ಮನುಷ್ಯ ಇನ್ನೂ ನನ್ನ ಮಾತಿಗೆ ಕಾಯಲು ತಯಾರಾಗಿ ನಿಂತಿದ್ದಾನೆ!

"ಬರೂದಿಲ್ಲ ಕಾಕಾ" ಎಂದೆ. "ಮೊದಲಿಂದ ಬರೂದಿಲ್ಲ ಅಂತ ನನಗ ಗೊತ್ತಿತ್ತು."

ಕಾಕುವಿನ ಕೈ ದಾರದ ಮೇಲೆ ನಿಂತಿತು. ನಾನು ಅಲ್ಲೇ ಮೊಬೈಲ್ ತೆಗೆದೆ. ಅಧ್ಯಕ್ಷರಿಗೆ ಕೇಳಲಿಲ್ಲ, ಡಾಕ್ಟರಿಗೂ ಕೇಳಲಿಲ್ಲ. ತಡೆ, ತಡಿ, ತಡ ಮೂರೂ ಶಬ್ದ ಬೇಡವೆಂದು ಮನಸ್ಸಿನಲ್ಲೇ ಬದಿಗಿಟ್ಟು ಮಾತಾಡಿದೆ.

"ನಾ ಸಂಘದ ಸೆಕ್ರೆಟ್ರಿ ಮಾತಾಡಾಕತ್ತೇನಿ. ಲಸಿಕೆ ಶಿಬಿರ ನಿಂತಹೋಗೇತಿ. ಯಾವಾಗ ಆಗತೈತಿ ನನಗ ಗೊತ್ತಿಲ್ಲ, ಅಧ್ಯಕ್ಷರಿಗೂ ಗೊತ್ತಿಲ್ಲ. ಯಾರೂ ದಾರಿ ನೋಡಬ್ಯಾಡ್ರಿ. ಮರೋಳದಾಗ ಕುರಿ ಸಾಯಾಕತ್ತಾವು. ಇವತ್ತ ಹಸರ ಬಿಟ್ಟು ಗುಡ್ಡದ ದಾರಿ ಹಿಡೀರಿ. ಲಸಿಕೆ ಬಾಗಲಕೋಟಿ ಅಂಗಡ್ಯಾಗ ಸಿಗತೈತಿ, ಐಸಿನಾಗ ಇಟಗೊಂಡು ತರ್ರಿ. ಹಾಕೂದು ಗೊತ್ತಿಲ್ಲಂದ್ರ ನನಗ ಫೋನ್ ಹಚ್ಚರಿ, ನಾ ಬಂದು ಹಾಕ್ತೇನಿ. ಮೊದಲ ನಾ ಹೇಳಿದ್ದು ಸುಳ್ಳು."

ಒಂದೇ ಸಲಕ್ಕೆ ರೆಕಾರ್ಡ್ ಆಯಿತು. ಹಿಂದೆ ಕುರಿ ಒದರುವುದೂ ಅದರಲ್ಲಿ ಕೇಳುತ್ತದೆ. ಮೂರು ಸಲ ಕೂತು ಮಾಡಿದ ಸುಳ್ಳಿಗಿಂತ ಇದು ಸುಲಭವಾಗಿತ್ತು.

ಕಚೇರಿಗೆ ಬರುವಷ್ಟರಲ್ಲಿ ಅಧ್ಯಕ್ಷರು ಕಾದು ಕೂತಿದ್ದರು. "ಯಾರನ್ನ ಕೇಳಿ ಕಳಿಸಿದ್ರಿ? ನನ್ನ ಕುತ್ತಿಗಿ ಕೊಯ್ದ್ರಲ್ಲರಿ! ಮಂತ್ರಿಗಳ ಪಿಎ ನಾಳೆ ಟೈಮ್ ಕೊಟ್ಟಿದ್ರು!"

"ನಾಳೆ ಅಂದ್ರ ಇನ್ನ ಎಷ್ಟ ಕುರಿರಿ?" ಎಂದೆ. ಜೀವಮಾನದಲ್ಲಿ ಮೊದಲ ಸಲ ಅವರ ಮುಂದೆ ದನಿ ಏರಿಸಿದ್ದು. ಅವರು ಕಾರಣ ಕೇಳಿ ನೋಟಿಸು ಬರೆಸಲು ಕೂತರು. ಬರೆಸಬೇಕಾದ್ದೂ ನನ್ನಿಂದಲೇ, ಕಚೇರಿಯಲ್ಲಿ ಬೇರೆ ಯಾರಿಗೂ ಟೈಪ್ ಬರುವುದಿಲ್ಲ. ನಾನೇ ನನಗೆ ನೋಟಿಸು ಟೈಪ್ ಮಾಡಿ ಸಹಿಗೆ ಇಟ್ಟೆ.

ಅವತ್ತಿನಿಂದ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಸಂದೇಶ ಕಳಿಸತೊಡಗಿದೆ. ಸುದ್ದಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇವತ್ತು ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ನಿಮ್ಮ ಕೈಯಲ್ಲಿ ಆಗುವುದು ಇದು, ಮತ್ತೆ ನಾಳೆ ಹನ್ನೆರಡಕ್ಕೆ ಹೇಳುತ್ತೇನೆ. ಬಹಳ ದಿನ "ಬೆಂಗಳೂರಿಂದ ಏನೂ ಬಂದಿಲ್ಲ, ನನಗೂ ಗೊತ್ತಿಲ್ಲ" ಎಂದಷ್ಟೇ ಹೇಳಿದೆ. ಯಾರೂ ಗಾಬರಿಯಾಗಲಿಲ್ಲ, ಯಾರೂ ರಸ್ತೆಗಿಳಿಯಲಿಲ್ಲ. ಕೆಲವರು ಕೂಡಿ ಬಾಗಲಕೋಟೆಗೆ ಹೋಗಿ ಲಸಿಕೆ ತಂದರು, ನಾಲ್ಕು ಹಿಂಡಿಗೆ ನಾನೇ ನಿಂತು ಸೂಜಿ ಹಾಕಿದೆ. ಉಳಿದವರು ಅದೇ ದಿನ ಗುಡ್ಡದ ದಾರಿ ಹಿಡಿದರು. ಪತ್ರ ಬಂದ ದಿನವೇ ಇಷ್ಟು ಮಾಡಲು ನನಗೆ ಬೇಕಾಗಿದ್ದದ್ದು ಒಂದು ಮೊಬೈಲ್ ಮಾತ್ರ, ಅದು ನನ್ನ ಕೈಯಲ್ಲೇ ಇತ್ತು.

ಕಾಕಾ ಕೂಡ ಅವತ್ತೇ ಹೊರಟಿದ್ದರು. ಆದರೆ ಅವರ ಕುರಿಗಳ ಹೊಟ್ಟೆಯಲ್ಲಿ ಹಸಿರು ಆಗಲೇ ಸೇರಿತ್ತು. ದಾರಿಯುದ್ದಕ್ಕೂ ಬಿದ್ದವು ಎಂದು ಬೇರೆಯವರಿಂದ ಕೇಳಿದೆ. ಶಿವಯೋಗ ಮಂದಿರ ಮುಟ್ಟುವಷ್ಟರಲ್ಲಿ ಹಿಂಡು ಹಿಂಡಿನಂತೆ ಉಳಿದಿರಲಿಲ್ಲವಂತೆ. ನಾನು ಫೋನ್ ಮಾಡಿದರೆ ಅವರು ಎತ್ತುತ್ತಿರಲಿಲ್ಲ. ಆ ವರ್ಷ ಬಕ್ರೀದಿಗೆ ಅಮ್ಮಿ "ಟಗರ್ ಎಲ್ಲೈತಿ?" ಎಂದು ಕೇಳಿದಳು. ಈ ವರ್ಷ ಇಲ್ಲ ಎಂದೆ.

ಮತ್ತೆ ಮೂರು ವಾರಕ್ಕೆ ತಡೆ ತೆರವಾಯಿತು. ಗೋಡೆಯ ಮೊಳೆಗೆ ಹೊಸ ಫೋಟೋ ಬಂತು. ಅಧ್ಯಕ್ಷರ ಹೆಗಲಿಗೆ ಹೊಸ ಬಣ್ಣದ ಶಾಲು ಬಂತು. ಪತ್ರಕರ್ತರನ್ನು ಕರೆದು ಚಹಾ ಕೊಟ್ಟು, ಅನಿಶ್ಚಿತ ಸಂದರ್ಭದಲ್ಲೂ ನಮ್ಮ ಸಂಘ ಸದಸ್ಯರಿಗೆ ದಿನನಿತ್ಯ ಪಾರದರ್ಶಕ ಮಾಹಿತಿ ನೀಡಿ ನೂರಾರು ಕುರಿಗಳ ಜೀವ ಉಳಿಸಿತು ಎಂದು ಹೇಳಿದರು. ನನ್ನ ನೋಟಿಸು ಎಲ್ಲಿ ಹೋಯಿತೋ ಗೊತ್ತಿಲ್ಲ, ಕರಾರಿಗೆ ಸಹಿ ಬಿತ್ತು. ಬಾಗಲಕೋಟೆಯ ಆ ತರಬೇತುದಾರರು ಫೋನ್ ಮಾಡಿ, ನಿಮ್ಮ ಅನುಭವವನ್ನು ಉಳಿದ ಕಾರ್ಯದರ್ಶಿಗಳಿಗೆ ಹೇಳಲು ಬನ್ನಿ ಎಂದರು. ನಾನು ಹೋಗಲಿಲ್ಲ. ಹೋಗಿದ್ದರೆ ಒರೆಸುವ ಬಟ್ಟೆಯ ಕಥೆಯನ್ನೂ ಹೇಳಬೇಕಾಗುತ್ತಿತ್ತು.

ಶಿಬಿರಕ್ಕೆ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಫೋನ್ ಮಾಡಿ ಕರೆಯಬೇಕಿತ್ತು. ಪಟ್ಟಿಯಲ್ಲಿ ಹೆಸರು, ಕುರಿಗಳ ಸಂಖ್ಯೆ, ಕೊನೆಗೆ ಷರಾ ಬರೆಯುವ ಖಾನೆ. ಕಾಕಾನ ಹೆಸರನ್ನು ಬಿಟ್ಟು ಉಳಿದದ್ದೆಲ್ಲ ಮುಗಿಸಿದೆ. ಮಧ್ಯಾಹ್ನ ಊಟವಾದ ಮೇಲೆ ಅದನ್ನೂ ಹಚ್ಚಿದೆ. ಎತ್ತುವುದಿಲ್ಲ ಎಂದುಕೊಂಡಿದ್ದೆ, ಎತ್ತಿದರು. ಹಿಂದೆ ಕುರಿಗಳ ಸದ್ದಿರಲಿಲ್ಲ, ಲಿಫ್ಟಿನ ಗಂಟೆ ಕೇಳಿಸಿತು.

"ಕಾಕಾ, ನಾನ್ರಿ. ಶಿಬಿರ ಐತಿ, ಬರೂ ಸೋಮವಾರ. ಈ ಸಲ ಖರೇನ. ಲಸಿಕೆ ಬಂದು ಫ್ರಿಜ್ಜಿನಾಗ ಐತಿ, ನಾನ ಕಣ್ಣಾರೆ ನೋಡೇನಿ."

"ಹೌದ್ರಿ?" ಎಂದರು. "ನಾ ಬಾಗಲಕೋಟ್ಯಾಗ ಇದ್ದೇನ್ರಿ. ಒಂದ ಅಪಾರ್ಟ್‌ಮೆಂಟಿಗೆ ವಾಚಮನ್ ನಿಂತೇನಿ. ನಿಮ್ಮ ಕಾಕುನೂ ಇಲ್ಲೇ ಕಸ ಹೊಡಿತಾಳ."

ಕರಾರು ಪತ್ರ ಮೇಜಿನ ಮೇಲೇ ಇತ್ತು.

"ತಡ ಆತ್ರಿ, ಅಕ್ಕಾರ" ಎಂದರು ಕಾಕಾ. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದವರಿಗೆ ಹೇಳುವ ಹಾಗೆ ಹೇಳಿದರು. ಯಾರೋ ಗೇಟಿನ ಹತ್ತಿರ ಹಾರ್ನ್ ಹೊಡೆದರು, ಬಂದೆ ಸಾಹೇಬ್ರ ಎನ್ನುತ್ತ ಫೋನ್ ಇಟ್ಟರು.

ಷರಾ ಖಾನೆ ಖಾಲಿ ಬಿಡುವ ಹಾಗಿರಲಿಲ್ಲ. ಪೆನ್ನು ತೆಗೆದು ಅವರ ಹೆಸರಿನ ಮುಂದೆ 'ತಡ' ಎಂದು ಬರೆದೆ. ಈ ಸಲ ಒರೆಸಲು ಎತ್ವ ಇರಲಿಲ್ಲ.